ಕೇರಳದಲ್ಲಿ ಯಾರು ಗೆದ್ದರೆ ನಿಮಗೆಂತ?

"ನೀವು ಕನ್ನಡದವರಲ್ವಾ? ಕೇರಳದಲ್ಲಿ ಯಾರು ಎಂ.ಪಿ. ಆದರೆ ನಿಮಗೆಂತ?"

ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆಯವನು. ದಿನಾ ಬೆಳಿಗ್ಗೆ ತಲಪಾಡಿ ಗಡಿ ದಾಟಿ ಬಂದು, ಸಂಜೆ ತಲಪಾಡಿ ದಾಟಿ ಮನೆಗೆ ಹೋಗುತ್ತೇನೆ. ಮನೆಯಲ್ಲಿ ತುಳು, ಓದಿದ್ದು ಕನ್ನಡ, ಓಟು ಕಾಸರಗೋಡು ಲೋಕಸಭೆಗೆ. ಮೊದಮೊದಲು ಕೂತು ಉತ್ತರ ಹೇಳುತ್ತಿದ್ದೆ. ಈಗ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

2024ರ ಏಪ್ರಿಲ್ 26ರಂದು ದಕ್ಷಿಣ ಕನ್ನಡಕ್ಕೂ ಕಾಸರಗೋಡಿಗೂ ಒಂದೇ ದಿನ ಮತದಾನ. ರಜೆ ಮುಗಿಸಿ ಆಫೀಸಿಗೆ ಹೋದರೆ ಎಲ್ಲರ ಬೆರಳಲ್ಲೂ ಶಾಯಿ. ಊಟದ ಹೊತ್ತಿಗೆ ಒಬ್ಬರು ನನ್ನ ಬೆರಳು ನೋಡಿ, "ನಿಮ್ಮದು ಸುಮ್ನೆ ಮಾರಾಯ್ರೆ. ಅಲ್ಲಿ ಗೆದ್ದವರೂ ನಿಮ್ಮವರಲ್ಲ, ಸೋತವರೂ ನಿಮ್ಮವರಲ್ಲ" ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೂ ಆ "ಸುಮ್ನೆ" ಅನ್ನುವ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಅವರ ಬೆರಳಿಗೆ ಹಚ್ಚಿದ್ದೂ ಅದೇ ಶಾಯಿ ತಾನೆ?

ಸುಮ್ನೆಯಾ? 2014ರಲ್ಲಿ ಕಾಸರಗೋಡು ಲೋಕಸಭೆಯಲ್ಲಿ ಪಿ. ಕರುಣಾಕರನ್ ಗೆದ್ದದ್ದು ಬರೀ 6,921 ಓಟಿನಿಂದ. ಏಳು ವಿಧಾನಸಭಾ ಕ್ಷೇತ್ರ ಸೇರಿದ ಸೀಟು ಅದು. ಆ ಏಳರಲ್ಲಿ ನಮ್ಮ ಮಂಜೇಶ್ವರವೂ ಒಂದು. ಅದಾಗಿ ಎರಡು ವರ್ಷಕ್ಕೆ, 2016ರ ವಿಧಾನಸಭೆ ಚುನಾವಣೆಯಲ್ಲಿ, ಮಂಜೇಶ್ವರ ಒಂದರಲ್ಲೇ ಒಂದೂವರೆ ಲಕ್ಷಕ್ಕೂ ಜಾಸ್ತಿ ಓಟು ಬಿತ್ತು. ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಬಿಜೆಪಿಯ ಕೆ. ಸುರೇಂದ್ರನ್ ಅವರನ್ನು ಸೋಲಿಸಿದ್ದು 89 ಓಟಿನಿಂದ. ಎಂಬತ್ತೊಂಬತ್ತು! ಬೆಳಿಗ್ಗೆ ಮಂಗಳೂರಿಗೆ ಹೋಗುವ ಒಂದು ತುಂಬಿದ ಬಸ್ಸಿನ ಜನ. 2021ರಲ್ಲೂ ಅಂತರ 745 ಮಾತ್ರ. ಇಂಥ ಊರಿನವನ ಹತ್ತಿರ ಬಂದು ನಿಮ್ಮ ಓಟು ಲೆಕ್ಕಕ್ಕಿಲ್ಲ ಅಂದರೆ ಸಿಟ್ಟು ಬಾರದೆ ಇನ್ನೇನಾಗುತ್ತದೆ?

"ನಿಮ್ಮವರು" ಅನ್ನುವ ಮಾತಿಗೂ ಉತ್ತರ ಉಂಟು. ನಮ್ಮವರೂ ಗೆದ್ದಿದ್ದಾರೆ. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಕಾಸರಗೋಡಿನಿಂದ ಲೋಕಸಭೆಗೆ ಎಂ. ರಾಮಣ್ಣ ರೈ ಮೂರು ಸಲ ಹೋದರು, 1984ರಲ್ಲಿ ಐ. ರಾಮ ರೈ ಗೆದ್ದರು. 2021ರಲ್ಲಿ ನಮ್ಮ ಶಾಸಕ ಎ.ಕೆ.ಎಂ. ಅಶ್ರಫ್ ತಿರುವನಂತಪುರದಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಕನ್ನಡದಲ್ಲಿ.

ಎಂ.ಪಿ. ಯಾರಾದರೆ ಎಂತ ಅಂತ ಕೇಳುವವರು 2020ರ ಮಾರ್ಚ್ ನೆನಪು ಮಾಡಿಕೊಳ್ಳಿ. ಲಾಕ್‌ಡೌನ್ ಆದಾಗ ಗಡಿಯ ರಸ್ತೆಗಳಿಗೆ ಕರ್ನಾಟಕದ ಕಡೆಯಿಂದ ಮಣ್ಣು ಸುರಿದರು. ನಮಗೆ ದೊಡ್ಡ ಆಸ್ಪತ್ರೆ ಅಂದರೆ ಮೊದಲಿನಿಂದಲೂ ಮಂಗಳೂರೇ. ಆಂಬುಲೆನ್ಸ್‌ಗಳು ತಲಪಾಡಿಯಿಂದ ವಾಪಸ್ ಬಂದವು. ಕನ್ನಡ ಮಾತಾಡುತ್ತೇವೆ ಅಂತ ಯಾರೂ ನಮಗೆ ದಾರಿ ಬಿಡಲಿಲ್ಲ. ಆ ರಸ್ತೆ ತೆರೆಸಿ ಅಂತ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಕಾಸರಗೋಡಿನ ಸಂಸದ ರಾಜಮೋಹನ್ ಉಣ್ಣಿತ್ತಾನ್ ಒಬ್ಬರು. ಅವರಿಗೆ ಓಟು ಹಾಕಿದವರಿಗೂ ಹಾಕದವರಿಗೂ ಆಸ್ಪತ್ರೆಗೆ ಹೋಗುವ ದಾರಿ ಒಂದೇ ಅಲ್ವಾ?

ಯಾರು ಗೆದ್ದರೆ ಎಂತ ಅಂತ ಕೇಳುವ ಬದಲು, ಓಟು ಹಾಕಿದ ಮೇಲೆ ನಿಮಗೆ ಸರಕಾರದ ಕಾಗದ ಯಾವ ಭಾಷೆಯಲ್ಲಿ ಬರುತ್ತದೆ ಅಂತ ಒಬ್ಬರಾದರೂ ಕೇಳಬಾರದಾ?

ನಮ್ಮಲ್ಲಿ ಓಟಿನ ಯಂತ್ರದ ಮೇಲೆ ಹೆಸರುಗಳು ಮಲಯಾಳದಲ್ಲೂ ಇರುತ್ತವೆ, ಕನ್ನಡದಲ್ಲೂ ಇರುತ್ತವೆ. ನನ್ನ ದೊಡ್ಡಮ್ಮನಿಗೆ ಇದು ದೊಡ್ಡ ವಿಷಯ. ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಓದಿದವರು. ಬೂತಿನಿಂದ ಹೊರಗೆ ಬಂದು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, "ಚಿಹ್ನೆ ನೋಡಿ ಅಲ್ಲ, ಹೆಸರು ಓದಿಯೇ ಒತ್ತಿದೆ" ಅನ್ನುತ್ತಾರೆ. ಯಾರ ಹೆಸರು ಅಂತ ಇವತ್ತಿನವರೆಗೆ ಹೇಳಿಲ್ಲ, ನಾನೂ ಕೇಳಿಲ್ಲ.

ಅದೇ ದೊಡ್ಡಮ್ಮನಿಗೆ 2024ರ ಆ ಚುನಾವಣೆಗಿಂತ ಸ್ವಲ್ಪ ಮೊದಲು ಒಂದು ಕಚೇರಿಯಿಂದ ಪಿಂಚಣಿಯ ಕಾಗದ ಬಂತು. ಪೂರ್ತಿ ಮಲಯಾಳ. ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ಅದರಲ್ಲಿ ಅವರಿಗೆ ಓದಲು ಬಂದದ್ದು ಅಂಕಿಗಳು ಮಾತ್ರ. ನನಗೆ ಕೊಟ್ಟರು. ನನಗೆ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಮಾರ್ಗದ ಬದಿಯ ಅಂಗಡಿಯ ಹುಡುಗ ಓದಿ ಹೇಳಿದ. ಏನೋ ದಾಖಲೆ ಕೊಡಬೇಕಿತ್ತಂತೆ. ಕೊನೆಯ ದಿನ ಮುಗಿದು ನಾಲ್ಕು ದಿನ ಆಗಿತ್ತು. ಆಮೇಲೆ ಎರಡು ಸಲ ಓಡಾಡಿ ಸರಿಮಾಡಿಸಿದೆವು.

ಓಟು ಕೇಳಲು ಮೂರು ಪಕ್ಷದವರೂ ನಮ್ಮ ಅಂಗಳಕ್ಕೆ ಬಂದರು. ಮೂವರೂ ಕನ್ನಡದಲ್ಲೇ ಮಾತಾಡಿದರು, ನೋಟೀಸೂ ಕನ್ನಡದ್ದೇ. ದೊಡ್ಡಮ್ಮ ಪ್ರತಿ ಸಲವೂ ಒಳಗೆ ಹೋಗಿ ಆ ಕಾಗದ ತಂದು ಜಗಲಿಯ ಮೇಲೆ ಬಿಡಿಸಿಟ್ಟರು. "ಓಟು ಕೇಳುವಾಗ ಕನ್ನಡ ಬರ್ತದಲ್ಲ, ಇದು ಯಾಕೆ ಕನ್ನಡದಲ್ಲಿ ಬರುವುದಿಲ್ಲ?" ಅಂತ ಕೇಳಿದರು. ಒಬ್ಬರು ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡು ಹೋದರು. ಇಬ್ಬರು ನೋಡುವ ಅಂದರು.

ಕಾಗದವನ್ನು ದೊಡ್ಡಮ್ಮ ಬಿಸಾಡಲಿಲ್ಲ. ಓಟಿನ ಕಾರ್ಡಿನ ಜೊತೆ ಅದೇ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಇಟ್ಟಿದ್ದಾರೆ, ಮುಂದಿನ ಸಲ ಬರುವವರಿಗೆ ತೋರಿಸಲು.