ಕಂಬದ ನೆರಳು ಮತ್ತು ತಮ್ಮನ ಪ್ರಶ್ನೆ

ನವೆಂಬರ್ 17, 2024, ಭಾನುವಾರ ರಾತ್ರಿ

ನಿನ್ನೆ ತಮ್ಮ ಒಂದು ಯುದ್ಧದ ವಿಡಿಯೋ ಕಳಿಸಿ "ಅಕ್ಕಾ, ಇದು ನಿಜಾನಾ ನೋಡು" ಅಂದ. ಕತ್ತಲು, ಮಿಸೈಲು, ಹೊತ್ತಿ ಉರಿಯೋ ವಿಮಾನ, ಅಲ್ಲಾಡೋ ಕ್ಯಾಮೆರಾ. ಎರಡೇ ನಿಮಿಷಕ್ಕೆ ಅನುಮಾನ ಬಂತು. ಆರ್ಮಾ 3 ಅಂತ ಒಂದು ಗೇಮ್ ಇದೆಯಲ್ಲ, ಎಲ್ಲೇ ಯುದ್ಧ ಆಗ್ಲಿ ಆ ಗೇಮಿನ ಕ್ಲಿಪ್ ನಿಜವಾದ ಯುದ್ಧ ಅಂತ ಹಾಜರು, ಕೊನೆಗೆ ಅದನ್ನ ಮಾಡಿದ ಬೊಹೀಮಿಯಾ ಇಂಟರಾಕ್ಟಿವ್ ಕಂಪನಿಯೇ 2022ರ ನವೆಂಬರಲ್ಲಿ ಇದನ್ನ ಗುರುತು ಹಿಡಿಯೋದು ಹೇಗೆ ಅಂತ ಬರೆದು ಹಾಕ್ಬೇಕಾಯ್ತು. ಮಸುಕು, ರಾತ್ರಿ, ಓಡಾಡೋ ಜನ ಒಬ್ಬರೂ ಇಲ್ಲ, ಎಲ್ಲಾ ಲಕ್ಷಣಾನೂ ಇದ್ವು. ಸಾಲದ್ದಕ್ಕೆ ದೂರದ ಬೆಟ್ಟದ ಹತ್ರ ಬೆಳಕು ಮಿಂಚಿದ ತಕ್ಷಣವೇ ಢಂ ಅಂತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, ಎರಡು ಕಿಲೋಮೀಟರ್ ಆಚೆ ಸಿಡಿದಿದ್ರೆ ಕೇಳಿಸೋಕೆ ಆರು ಸೆಕೆಂಡ್ ಹತ್ರ ಬೇಕು. ಸುಳ್ಳು ಕಣೋ ಅಂತ ಹೇಳಿ ಮಲಗಿದೆ.

ಇವತ್ತು ಕಳಿಸಿದ್ದು ತಲೆ ತಿಂತು. ಹಗಲಿನ ವಿಡಿಯೋ, ಬೆಳಗ್ಗೆ 8 ಗಂಟೆಗೆ ದಾಳಿ ಆಯ್ತು ಅಂತ ನಾಲ್ಕು ಅಕೌಂಟ್‌ನೋರು ಹಾಕಿದಾರೆ, ಆದ್ರೆ ನಾಲ್ಕರಲ್ಲೂ ಮೂಲೇಲಿ ಅದೇ ಅರ್ಧ ಕಟ್ ಆದ ಲೋಗೋ, ಅಂದ್ರೆ ಎಲ್ರೂ ಒಬ್ಬನ ಹತ್ರಾನೇ ಎತ್ತಿರೋದು. ರಿವರ್ಸ್ ಸರ್ಚಲ್ಲಿ (ವಿಡಿಯೋದ ಚಿತ್ರ ಹಾಕಿ ಅದು ಮೊದಲೇ ಎಲ್ಲಾದ್ರೂ ಬಂದಿದೆಯಾ ಅಂತ ನೆಟ್ಟಲ್ಲಿ ಹುಡುಕೋದು) ಹಳೇದೇನೂ ಸಿಗ್ಲಿಲ್ಲ (ಸಿಗ್ಲಿಲ್ಲ ಅಂದ್ಮಾತ್ರಕ್ಕೆ ಹೊಸದು ಅಂತೇನಲ್ಲ). ನೀರಿನ ಟ್ಯಾಂಕು, ಪಕ್ಕದಲ್ಲಿ ಎರಡು ಚಿಮಣಿ, ರಸ್ತೆಯ ತಿರುವು, ಇಷ್ಟನ್ನ ಸ್ಯಾಟಲೈಟ್ ಫೋಟೋದಲ್ಲಿ ಹುಡುಕ್ತಾ ಕೂತು ಮಧ್ಯಾಹ್ನ ಊಟ ಮರೆತೆ, ಆದ್ರೆ ಜಾಗ ಸಿಕ್ತು! ಆಮೇಲೆ ನೋಡಿದ್ರೆ ಕರೆಂಟ್ ಕಂಬದ ನೆರಳು ಈಶಾನ್ಯಕ್ಕೆ ಬಿದ್ದಿದೆ. ನವೆಂಬರಲ್ಲಿ ಅಲ್ಲಿ ಬೆಳಗ್ಗೆ ಸೂರ್ಯ ಆಗ್ನೇಯದಲ್ಲಿರ್ತಾನೆ, ನೆರಳು ವಾಯವ್ಯಕ್ಕೆ ಬೀಳ್ಬೇಕು. ಸೋ ಇದು ಮಧ್ಯಾಹ್ನದ ಮೇಲೆ ತೆಗೆದದ್ದು. ಯಾವ ದಿನ? ಸ್ಯಾಟಲೈಟ್ ಫೋಟೋದಲ್ಲಿ ದಾಳಿಯ ಗುರುತು ನೋಡೋಣ ಅಂದ್ರೆ, ಸೆಂಟಿನೆಲ್-2 ಅನ್ನೋ ಯುರೋಪಿನ ಸ್ಯಾಟಲೈಟ್ ಐದು ದಿನಕ್ಕೊಂದ್ಸಲ ಬರುತ್ತೆ, ಒಂದು ಪಿಕ್ಸೆಲ್ ಅಂದ್ರೆ ಹತ್ತು ಮೀಟರ್, ಅದೂ ಈ ಸಲ ಪೂರ್ತಿ ಮೋಡ.

ಜಾಗ ಸರಿ, ಟೈಮ್ ತಪ್ಪು, ತಾರೀಕು ಗೊತ್ತಿಲ್ಲ ಅಂದೆ. "ಹಾಗಾದ್ರೆ ನಿಜಾನೋ ಸುಳ್ಳೋ, ಒಂದು ಹೇಳು" ಅಂದ. ಏನ್ ಹೇಳ್ಲಿ?

ಉಕ್ರೇನ್ ಮೇಲೆ ಹೊಡೆದುರುಳಿಸಿದ ಮಲೇಷ್ಯಾದ ವಿಮಾನ ಎಂಎಚ್17, ಅದರ ಕೇಸಿನ ತೀರ್ಪು ಬಂದು ಇವತ್ತಿಗೆ ಎರಡು ವರ್ಷ. 2014ರ ಜುಲೈ 17ಕ್ಕೆ 298 ಜನ ಸತ್ತ್ರು, ಟ್ರೇಲರ್ ಮೇಲೆ ಹೋಗ್ತಿದ್ದ ಬುಕ್ ಅನ್ನೋ ಮಿಸೈಲ್ ಲಾಂಚರನ್ನ ದಾರೀಲಿ ಯಾರ್ಯಾರೋ ತೆಗೆದಿದ್ದ ಫೋಟೋ, ವಿಡಿಯೋಗಳನ್ನ ನೆಟ್ಟಲ್ಲಿ ಸಿಗೋ ಫೋಟೋ, ವಿಡಿಯೋ ನೋಡಿ ತನಿಖೆ ಮಾಡೋ ಬೆಲಿಂಗ್‌ಕ್ಯಾಟ್‌ನೋರು ಹೀಗೇ ಒಂದೊಂದಾಗಿ ಹೊಂದಿಸಿದ್ರು, ಡಚ್ ಕೋರ್ಟ್ ಮೂವರನ್ನ ಅಪರಾಧಿಗಳು ಅನ್ನೋ ಹೊತ್ತಿಗೆ ಎಂಟು ವರ್ಷ ಆಗಿತ್ತು. ನನ್ ತಮ್ಮನಿಗೆ ಎಂಟು ನಿಮಿಷ ತಾಳ್ಮೆ ಇಲ್ಲ.

ಜಾಗದ ಹೆಸರು ಇಲ್ಲಿ ಬರೀತಿಲ್ಲ. ಲೆಕ್ಕ ಹಾಕ್ತಾ ಹಾಕ್ತಾ ಕ್ಯಾಮೆರಾ ಎಲ್ಲಿತ್ತು ಅಂತಾನೂ ಗೊತ್ತಾಗೋಯ್ತು: ಮೂರನೇ ಮಹಡಿ, ಎಡಗಡೆ ಬಾಲ್ಕನಿ, ಬಟ್ಟೆ ಒಣಗಾಕಿದಾರೆ.