ಹಗೇವಿನ ಕಂದೀಲು ಮತ್ತು ಆಕ್ಸಿಜನ್ ಮೀಟರ್

ನಾನು ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲಿನ ಬೇಸಿಗೆಯ ತಿಂಗಳುಗಳು ಹೊರಗಿನವರಿಗೆ ನಮ್ಮ ಬಿಡುವಿನ ಕಾಲದಂತೆ ಕಾಣುತ್ತವೆ, ಆದರೆ ನನ್ನ ವಿಭಾಗಕ್ಕೆ ನಿದ್ದೆಗೆಡಿಸುವ ಕಾಲವೆಂದರೆ ಅದೇ. ಕಾಕಂಬಿಯ ಟ್ಯಾಂಕು, ಡಿಸ್ಟಿಲರಿಯಲ್ಲಿ ಕಾಕಂಬಿ ಹುದುಗಿಸುವ ಫರ್ಮೆಂಟರುಗಳು, ಬಾಯ್ಲರಿನ ಡ್ರಮ್ಮು, ಕೊಳಚೆ ನೀರಿನ ಗುಂಡಿಗಳು, ಇವನ್ನೆಲ್ಲ ತೆರೆದು, ಒಳಗೆ ಆಳು ಇಳಿಸಿ, ಕೆರೆದು ತೊಳೆದು ದುರಸ್ತಿ ಮಾಡಿ ಮುಗಿಸಬೇಕಾದದ್ದು ಮುಂದಿನ ಹಂಗಾಮು ಶುರುವಾಗುವುದರೊಳಗೆ. ಇಂಥ ಜಾಗಕ್ಕೆ ಯಾರನ್ನಾದರೂ ಇಳಿಸುವ ಮೊದಲು, ತಿಳಿದವನೊಬ್ಬ ತಾನೇ ಖುದ್ದಾಗಿ ಗಾಳಿಯನ್ನು ಪರೀಕ್ಷಿಸಿ ಬರಹದಲ್ಲಿ ಪ್ರಮಾಣಪತ್ರ ಕೊಡಬೇಕು, ಇಲ್ಲವೇ ಇಳಿಯುವವನು ಉಸಿರಾಟದ ಉಪಕರಣ ತೊಟ್ಟು ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿರಬೇಕು ಎಂಬುದು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮಿನಿಂದ ನಾನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿತ ಪಾಠ. ನಮ್ಮಲ್ಲಿ ಆ ಪತ್ರಕ್ಕೆ ಸಹಿ ಹಾಕುವವನು ನಾನು, ಸಹಿಗೆ ಆಧಾರವಾಗುವುದು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದಾದ ಒಂದು ಆಕ್ಸಿಜನ್ ಮೀಟರ್.

ಆ ಮೀಟರ್ ನನಗೆ ಸುಳ್ಳು ಹೇಳಿದ ಒಂದು ದಿನವಿದೆ. ಸರಿಯಾಗಿ ಹೇಳಬೇಕೆಂದರೆ, ನಾನೇ ಅದಕ್ಕೆ ಸುಳ್ಳು ಹೇಳಿಕೊಟ್ಟ ದಿನ.

ಸುಮಾರು ಏಳು ವರ್ಷಗಳ ಹಿಂದೆ ಒಂದು ಫರ್ಮೆಂಟರನ್ನು ಖಾಲಿ ಮಾಡಿ, ತಳದ ಹತ್ತಿರವಿರುವ ಮ್ಯಾನ್‌ಹೋಲನ್ನು ಬಿಚ್ಚಿದ್ದರು. ನಾನು ಹೋದವನೇ ಮೀಟರನ್ನು ಮ್ಯಾನ್‌ಹೋಲಿನ ಅಂಚಿನ ಮೇಲಿಟ್ಟು ಚಾಲೂ ಮಾಡಿದೆ. ಈ ಉಪಕರಣಗಳನ್ನು ಚಾಲೂ ಮಾಡಿದ ಕೂಡಲೇ ಶುದ್ಧ ಗಾಳಿಯನ್ನು ತೋರಿಸಿ ಒಂದು ಗುಂಡಿ ಒತ್ತಬೇಕಾಗುತ್ತದೆ, ಆಗ ಅದು ತಾನು ಆ ಕ್ಷಣದಲ್ಲಿ ಕಾಣುತ್ತಿರುವ ಗಾಳಿಯನ್ನೇ 20.9 ಎಂದು, ಅಂದರೆ ಶುದ್ಧ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಎಷ್ಟು ಪಾಲಿರುತ್ತದೋ ಅಷ್ಟು ಎಂದು, ಬರೆದುಕೊಳ್ಳುತ್ತದೆ. ಅವಸರದಲ್ಲಿ ನಾನು ಅಲ್ಲಿಯೇ ಗುಂಡಿ ಒತ್ತಿದೆ. ಪರದೆಯ ಮೇಲೆ 20.9 ಬಂತು. ಕೊಳವೆಯನ್ನು ಒಳಗೆ ಬಿಟ್ಟೆ, 19.7 ಬಂತು. ಎಚ್ಚರಿಕೆಯ ಸದ್ದು ಮೊಳಗುವುದು 19.5ಕ್ಕೆ ಇಳಿದಾಗ, ಆದ್ದರಿಂದ ಮೀಟರ್ ತೆಪ್ಪಗಿತ್ತು. ಸ್ವಲ್ಪ ಕಡಿಮೆ ಇದೆ, ಬ್ಲೋವರ್ ಹಚ್ಚಿಕೊಂಡೇ ಇಳಿಯಲಿ ಎಂದು ಪೆನ್ನು ತೆಗೆದೆ. ಪಕ್ಕದಲ್ಲಿದ್ದ ಹಳೆಯ ಫಿಟ್ಟರ್ ಒಬ್ಬರು, "ಸಾಹೇಬ್ರ, ಒಂದ್ ಸಲ ಇದನ್ನ ಗೇಟಿನ ಕಡೆ ಒಯ್ದು ನೋಡ್ರಿ, ನನಗ್ಯಾಕೋ ಮೂಗಿನ್ಯಾಗ ಚುರುಚುರು ಅಂತೈತ್ರಿ" ಎಂದರು. ಅವರ ಮಾತಿಗೆ ಬೆಲೆ ಕೊಟ್ಟೆನೆಂದಲ್ಲ, ಅವರ ವಯಸ್ಸಿಗೆ ಕೊಟ್ಟು ಗೇಟಿನ ಕಡೆ ನಡೆದೆ. ಬೇವಿನ ಮರದ ಕೆಳಗೆ, ತೆರೆದ ಬಯಲಿನಲ್ಲಿ, ಮೀಟರ್ 22.3 ತೋರಿಸಿತು.

ಬಯಲಿನ ಗಾಳಿಯಲ್ಲಿ 22.3 ಇರುವುದಕ್ಕೆ ಸಾಧ್ಯವಿಲ್ಲ. ಅಂದರೆ ನಾನು ಶುದ್ಧ ಗಾಳಿಯೆಂದು ಅದಕ್ಕೆ ಪರಿಚಯಿಸಿದ್ದು ಮ್ಯಾನ್‌ಹೋಲಿನಿಂದ ಹೊರಕ್ಕೆ ಸುರಿಯುತ್ತಿದ್ದ ಕೆಟ್ಟ ಗಾಳಿಯನ್ನು. ಲೆಕ್ಕ ಹಾಕಿದರೆ ಅಂಚಿನ ಮೇಲಿದ್ದ ನಿಜವಾದ ಅಂಶ ಸುಮಾರು 19.6, ಒಳಗಿನದು ಸುಮಾರು 18.5. ನಾನು ಗಾಳಿ ಬೀಸುವ ಬದಿಗೆ ನಿಂತಿದ್ದರಿಂದ ನನಗೇನೂ ಆಗಲಿಲ್ಲ. ಒಂದು ಕಿಲೋ ಸಕ್ಕರೆ ಹುದುಗಿದರೆ ಹೆಚ್ಚುಕಡಿಮೆ ಅರ್ಧ ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಅಂದರೆ 250 ಲೀಟರಿಗೂ ಮಿಕ್ಕಿದ ಅನಿಲ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ತಳದ ಬಾಗಿಲು ತೆರೆದಾಗ ನೀರಿನಂತೆಯೇ ಹರಿದು ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ ಎಂಬುದೊಂದೇ ನೀರಿಗೂ ಅದಕ್ಕೂ ಇರುವ ವ್ಯತ್ಯಾಸ. ಹೆಚ್ಚಿನ ಪ್ರಮಾಣದಲ್ಲಿದ್ದಾಗ ಅದು ಮೂಗಿನಲ್ಲಿ ಸೋಡಾ ಕುಡಿದಂತೆ ಚುರುಗುಟ್ಟುತ್ತದೆ ಎಂಬುದು ಆ ಫಿಟ್ಟರಿಗೆ ಅನುಭವದಿಂದ ಗೊತ್ತಿತ್ತು. ಆ ದಿನದಿಂದ ನಾನು ಗುಂಡಿ ಒತ್ತುವುದು ಆ ಬೇವಿನ ಮರದ ಕೆಳಗೆ ಮಾತ್ರ, ಮತ್ತು ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಅಲ್ಲಿಗೇ ಹೋಗಿ ಅಂಕಿ 20.9ಕ್ಕೆ ಮರಳಿತೇ ಎಂದು ನೋಡುತ್ತೇನೆ.

ಈ ಪ್ರಸಂಗದಿಂದ ನಾನು ಕಲಿತದ್ದು ಜಾಗದ ಪಾಠವೊಂದನ್ನೇ ಅಲ್ಲ. ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದಾಗ 19.5 ಎಂಬ ಎಚ್ಚರಿಕೆಯ ಅಂಕಿಯ ಮೇಲಿದ್ದ ನನ್ನ ನಂಬಿಕೆಯೇ ಅಲುಗಾಡಿತು. 20.9ರಿಂದ 19.5ಕ್ಕೆ ಇಳಿಯುವುದೆಂದರೆ ಬರೀ 1.4ರ ಇಳಿಕೆ, ನೋಡಲು ಚಿಕ್ಕದು. ಆದರೆ ಬೇರೊಂದು ಅನಿಲ ಒಳಗೆ ನುಗ್ಗಿ ಗಾಳಿಯನ್ನು ಪಕ್ಕಕ್ಕೆ ತಳ್ಳಿದಾಗ ಅದು ಆಮ್ಲಜನಕವನ್ನಷ್ಟೇ ಆರಿಸಿ ತಳ್ಳುವುದಿಲ್ಲ, ಸಾರಜನಕವನ್ನೂ ಅದೇ ಪ್ರಮಾಣದಲ್ಲಿ ತಳ್ಳುತ್ತದೆ. ಹಾಗಾಗಿ ಆಮ್ಲಜನಕ 1.4ರಷ್ಟು ಇಳಿಯಬೇಕಾದರೆ ಒಟ್ಟು ಗಾಳಿಯ ಸುಮಾರು ನೂರಕ್ಕೆ 6.7 ಪಾಲನ್ನು ಹೊಸ ಅನಿಲ ಆಕ್ರಮಿಸಿರಬೇಕು. ಇಂಗಾಲದ ಡೈಆಕ್ಸೈಡ್ ನೂರಕ್ಕೆ 4ರಷ್ಟಿದ್ದರೆ ಅದನ್ನು ಪ್ರಾಣಕ್ಕೆ ತಕ್ಷಣದ ಅಪಾಯವೆಂದು ಪರಿಗಣಿಸುತ್ತಾರೆ. ಆ ಹೊತ್ತಿಗೆ ಆಕ್ಸಿಜನ್ ಮೀಟರ್ 20.1 ತೋರಿಸುತ್ತ ಸುಮ್ಮನೆ ಕುಳಿತಿರುತ್ತದೆ. ಎಂದರೆ ಫರ್ಮೆಂಟರಿನಲ್ಲಿ ಆಕ್ಸಿಜನ್ ಮೀಟರ್ ಕೂಗಿಕೊಳ್ಳುವುದು ಮನುಷ್ಯ ಪ್ರಾಣಾಪಾಯಕ್ಕೆ ಸಿಕ್ಕಿದ ಮೇಲೆ. ಅಲ್ಲಿ ಇಂಗಾಲದ ಡೈಆಕ್ಸೈಡನ್ನೇ ಅಳೆಯುವ ಬೇರೆ ಮೀಟರ್ ಬೇಕು. ಸಾಮಾನ್ಯವಾಗಿ ಮಾರಾಟವಾಗುವ ನಾಲ್ಕು ಅನಿಲದ ಮೀಟರ್ ಆಮ್ಲಜನಕ, ಹೊತ್ತಿಕೊಳ್ಳುವ ಅನಿಲ, ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್‌ಗಳನ್ನು ನೋಡುತ್ತದೆಯೇ ಹೊರತು ನಮ್ಮ ಡಿಸ್ಟಿಲರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಇದನ್ನು ನೋಡುವುದಿಲ್ಲ. ಈ ವಿಷಯವನ್ನು ಮೇಲಿನವರಿಗೆ ತಿಳಿಸಿ ಹೊಸ ಮೀಟರ್ ತರಿಸಿಕೊಳ್ಳಲು ನನಗೆ ಎರಡು ಹಂಗಾಮು ಬೇಕಾದವು.

ಕೊಳಚೆ ನೀರಿನ ಗುಂಡಿಯಲ್ಲಂತೂ ಇದು ಇನ್ನೂ ಸ್ಪಷ್ಟ. ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ ಇದ್ದರೆ ಪ್ರಾಣಾಪಾಯ, ಆದರೆ 100 ಪಿಪಿಎಂ ಎಂದರೆ ನೂರರಲ್ಲಿ 0.01 ಪಾಲು. ಆಮ್ಲಜನಕದ ಅಂಕಿ ಅದರಿಂದ ಕದಲುವುದೇ ಇಲ್ಲ. ಕೊಳೆತ ಮೊಟ್ಟೆಯ ವಾಸನೆಯನ್ನು ನಂಬುವಂತೆಯೂ ಇಲ್ಲ, ಏಕೆಂದರೆ ಆ ಮಟ್ಟಕ್ಕೆ ಏರುವಷ್ಟರಲ್ಲಿ ಅದು ಮೂಗನ್ನೇ ಮರಗಟ್ಟಿಸುತ್ತದೆ, ವಾಸನೆ ಹೋಯಿತು ಎಂದು ಕೆಲಸಗಾರ ಸಮಾಧಾನ ಪಡುವುದು ಅತಿ ಕೆಟ್ಟ ಗಳಿಗೆಯಲ್ಲಿ. ಮ್ಯಾನ್‌ಹೋಲಿಗೆ ಇಳಿದು ಸತ್ತವರ ಸುದ್ದಿಯಲ್ಲಿ ಒಬ್ಬರ ಹೆಸರಿನ ಜೊತೆಗೆ ಎತ್ತಲು ಹೋದ ಇನ್ನಿಬ್ಬರ ಹೆಸರು ಇರುವುದನ್ನು ನಾವೆಲ್ಲ ಓದಿಯೇ ಇದ್ದೇವೆ. ಸುರಕ್ಷತಾ ಸಾಧನಗಳಿಲ್ಲದೆ ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ, ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಅಲ್ಲಿ ಮೀಟರ್ ಹಿಡಿದು ಇಳಿಸುವ ಮಾತೇ ಬರಬಾರದು.

ಅನಿಲವೇನೂ ಸೇರದೆ ಆಮ್ಲಜನಕ ಮಾತ್ರ ಕರಗುವ ಜಾಗಗಳೂ ಉಂಟು. ತೊಳೆದು, ಒದ್ದೆಯಾಗಿಯೇ ಮುಚ್ಚಿಟ್ಟ ಕಬ್ಬಿಣದ ಟ್ಯಾಂಕಿನ ಗೋಡೆ ತುಕ್ಕು ಹಿಡಿಯುತ್ತ ಒಳಗಿನ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಒಳಗೆ ವಾಸನೆಯಿಲ್ಲ, ಕಣ್ಣುರಿಯಿಲ್ಲ, ಉಸಿರುಗಟ್ಟಿದ ಅನುಭವವೂ ಇಲ್ಲ. ನಮಗೆ ಉಸಿರುಗಟ್ಟಿದಂತೆ ಅನಿಸುವುದು ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗಲೇ ವಿನಾ ಆಮ್ಲಜನಕ ಕಡಿಮೆಯಾದಾಗಲ್ಲ. 16ರ ಆಸುಪಾಸಿನಲ್ಲಿ ವಿವೇಚನೆ ಮಂಕಾಗುತ್ತದೆ, 10ರ ಕೆಳಗೆ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ, 6ಕ್ಕಿಂತ ಕಡಿಮೆಯಾದರೆ ಕೆಲವೇ ಉಸಿರುಗಳು ಸಾಕು. ಇಂಥ ಟ್ಯಾಂಕಿನ ಮುಂದೆ ಆಕ್ಸಿಜನ್ ಮೀಟರಿಗೆ ಸಮನಾದ ಉಪಕರಣ ಬೇರೊಂದಿಲ್ಲ. ಉಲ್ಟಾ ಅಪಾಯವೂ ಇದೆಯೆನ್ನಿ: ಒಳಗೆ ಗ್ಯಾಸ್ ಕಟಿಂಗ್ ಮಾಡುವವನ ಕೊಳವೆ ಸೋರಿ ಆಮ್ಲಜನಕ 23.5 ದಾಟಿದರೂ ಮೀಟರ್ ಕೂಗುತ್ತದೆ, ಏಕೆಂದರೆ ಅಂಥ ಗಾಳಿಯಲ್ಲಿ ಒಂದು ಕಿಡಿ ಬಿದ್ದರೆ ಮೈಮೇಲಿನ ಬಟ್ಟೆ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಮೀಟರಿನ ಹೊಟ್ಟೆಯೊಳಗೆ ಇರುವುದು ಒಂದು ಪುಟ್ಟ ಬ್ಯಾಟರಿಯಂಥ ಸೆನ್ಸರ್. ಹೆಚ್ಚಿನವುಗಳಲ್ಲಿ ಸೀಸದ ಒಂದು ಧ್ರುವ ಆಮ್ಲಜನಕದೊಡನೆ ಸವೆಯುತ್ತ ಕರೆಂಟು ಹುಟ್ಟಿಸುತ್ತದೆ, ಆಮ್ಲಜನಕ ಎಷ್ಟೋ ಕರೆಂಟು ಅಷ್ಟು. ಮೀಟರನ್ನು ಆಫ್ ಮಾಡಿ ಕಪಾಟಿನಲ್ಲಿಟ್ಟರೂ ಸೀಸ ಸವೆಯುವುದು ನಿಲ್ಲುವುದಿಲ್ಲ, ಎರಡು ವರ್ಷದ ಸುಮಾರಿಗೆ ಸೆನ್ಸರ್ ಬದಲಿಸಲೇಬೇಕು. "ನಾವು ಬಳಸಿಯೇ ಇಲ್ಲವಲ್ಲ, ಹೊಸದರಂತಿದೆ" ಎಂದು ಖರೀದಿ ವಿಭಾಗದವರು ಪ್ರತಿಬಾರಿ ವಾದಿಸುತ್ತಾರೆ. ಬಳಸದ ಆಕ್ಸಿಜನ್ ಸೆನ್ಸರ್ ಎಂಬುದು ಮುಚ್ಚಳ ತೆರೆದಿಟ್ಟ ಸುಣ್ಣದ ಡಬ್ಬಿಯಿದ್ದಂತೆ, ಯಾರೂ ಬೆರಳಿಡದಿದ್ದರೂ ಒಣಗುತ್ತದೆ. ಸೆನ್ಸರ್ ಬದುಕಿದೆಯೇ ಎಂದು ತಿಳಿಯಲು ನಾನು ವಾರಕ್ಕೊಮ್ಮೆ ಪ್ರಮಾಣೀಕೃತ ಅನಿಲದ ಸಿಲಿಂಡರ್ ಹಚ್ಚಿ ನೋಡುತ್ತೇನೆ. ಕೆಲಸದ ಮುಂಚೆ, ಪ್ರತಿಸಲವೂ, ಸೆನ್ಸರಿನ ಬಾಯಿಗೆ ನನ್ನದೇ ಉಸಿರನ್ನು ಊದಿ ಅಂಕಿ ಇಳಿಯುತ್ತದೆಯೇ ಎಂದು ನೋಡುವುದೂ ಉಂಟು. ಹೊರಬಿಟ್ಟ ಉಸಿರಿನಲ್ಲಿ ಆಮ್ಲಜನಕ 16–17ರಷ್ಟೇ ಇರುವುದರಿಂದ ಒಳ್ಳೆಯ ಸೆನ್ಸರ್ ಕೂಡಲೇ ಕೂಗಬೇಕು. ಇದು ಸಿಲಿಂಡರಿನ ಪರೀಕ್ಷೆಗೆ ಬದಲಿಯಲ್ಲ, ಸೆನ್ಸರ್ ಸತ್ತಿಲ್ಲವೆಂಬ ಸಮಾಧಾನಕ್ಕೆ ಅಷ್ಟೇ.

ಆವಿಯ ಆಟವನ್ನೂ ಹೇಳಬೇಕು. ಈಗಷ್ಟೇ ಬಿಸಿನೀರಿನಿಂದ ತೊಳೆದ ಟ್ಯಾಂಕಿನಲ್ಲಿ 30 ಡಿಗ್ರಿಯ ಹಸಿ ಗಾಳಿ ತುಂಬಿದ್ದರೆ ನೀರಾವಿಯೇ ನೂರಕ್ಕೆ 4ಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಮೀಟರ್ 20ರ ಸಮೀಪ ತೋರಿಸಬಹುದು. ಹೊಸಬರು ಇದನ್ನು ನೋಡಿ ಗಾಬರಿಯಾಗುತ್ತಾರೆ, ಹಳಬರು "ಅದು ಆವಿ ಬಿಡ್ರಿ" ಎನ್ನುತ್ತಾರೆ. ನನಗೆ ಗಾಬರಿಯಾಗುವ ಹೊಸಬರೇ ಮೇಲು. ಬ್ಲೋವರ್ ಹಚ್ಚಿ ಅರ್ಧ ಗಂಟೆ ಕಾದರೆ ಆವಿಯಾಗಿದ್ದರೆ ಹೋಗುತ್ತದೆ, ಅಂಕಿ ಏರುತ್ತದೆ. ಏರದಿದ್ದರೆ ಅದು ಆವಿಯಲ್ಲ.

ಈ ವರ್ಷ ಇದೇ ಮೀಟರನ್ನು ಒಪ್ಪಿಗೆ ಪಡೆದು ಊರಿಗೆ ಒಯ್ದಿದ್ದೆ. ನಮ್ಮ ಕಾಕಾ ಮನೆಯಲ್ಲಿ ಇನ್ನೂ ಒಂದು ಹಗೇವು ಬಳಕೆಯಲ್ಲಿದೆ. ಜೋಳವನ್ನು ನೆಲದೊಳಗಿನ ಕೋಣೆಯಂಥ ಗುಂಡಿಯಲ್ಲಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಹುಳ ಹತ್ತುವುದಿಲ್ಲ. ಹುಳವನ್ನು ಕೊಲ್ಲುವುದು ಯಾವುದೋ ಅದೇ ಮನುಷ್ಯನನ್ನೂ ಕೊಲ್ಲುತ್ತದೆ: ಕಾಳುಗಳೂ ಹುಳುಗಳೂ ಉಸಿರಾಡಿ ಆಮ್ಲಜನಕವನ್ನು ತೀರಿಸಿ, ಅದರ ಜಾಗದಲ್ಲಿ ಹೆಚ್ಚುಕಡಿಮೆ ಅಷ್ಟೇ ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಅದಕ್ಕಾಗಿಯೇ ನಮ್ಮ ಹಿರಿಯರು ಹಗೇವು ತೆರೆದ ಮೇಲೆ ಬಿಸಿ ಆರಲೆಂದು ಕಾದು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ದೀಪ ಉರಿದರೆ ಮಾತ್ರ ಆಳನ್ನು ಇಳಿಸುತ್ತಿದ್ದರು.

ಅರ್ಧ ಜೋಳ ಹಿಂದೆಯೇ ತೆಗೆದಿದ್ದರಿಂದ ಬಾಯಿಂದ ಕಾಳಿನವರೆಗೆ ಎಂಟು ಅಡಿ ಖಾಲಿಯಿತ್ತು. ಹಿತ್ತಲಿನಾಚೆಯ ಬಯಲಿನಲ್ಲಿ ಮೀಟರಿನ ಗುಂಡಿ ಒತ್ತಿ ಬಂದು, ಕೊಳವೆಯನ್ನು ಮೂರು ಅಡಿಗೆ ಬಿಟ್ಟು ಒಂದೂವರೆ ನಿಮಿಷ ಕಾದೆ. ಪಂಪು ಆಳದ ಗಾಳಿಯನ್ನು ಕೊಳವೆಯುದ್ದಕ್ಕೂ ಎಳೆದು ತರಬೇಕು, ಆಮೇಲೆ ಸೆನ್ಸರ್ ಅದನ್ನು ಗುರುತಿಸಬೇಕು, ಅಷ್ಟರೊಳಗೆ ಓದಿದ ಅಂಕಿ ಹಿಂದಿನ ಗಾಳಿಯದ್ದಾಗಿರುತ್ತದೆ. 20.2 ಬಂತು. ಐದು ಅಡಿಗೆ 17.8, ಕಾಳಿನ ಮೇಲೆ 14.1. ಕಾಕಾ ತಮ್ಮ ಪಾಡಿಗೆ ತಾವು ಕಂದೀಲು ಇಳಿಬಿಟ್ಟಿದ್ದರು. ಐದು ಅಡಿಯ ಹತ್ತಿರ ಅದರ ಜ್ವಾಲೆ ಕೆಂಪಗಾಗಿ ಕುಗ್ಗಿತು, ಆರಕ್ಕೆ ಆರಿತು.

"ನಿನ್ನ ಮಿಷನ್‌ಕಿಂತ ಮದಲ ನನ್ನ ಕಂದೀಲ ಹೇಳೇತಿ ನೋಡ ತಮ್ಮಾ" ಎಂದರು.

ಹೇಳಿದ್ದು ನಿಜ. ಜ್ವಾಲೆ ಆರುವುದು ಆಮ್ಲಜನಕ 16–17ಕ್ಕೆ ಇಳಿದಾಗ, ಮನುಷ್ಯ ಕುಸಿಯುವುದಕ್ಕಿಂತ ಸ್ವಲ್ಪ ಮುಂಚೆ. ಆದರೆ 18ರಲ್ಲಿ ದೀಪ ಇನ್ನೂ ಉರಿಯುತ್ತಲೇ ಇರುತ್ತದೆ, ಆ ಹೊತ್ತಿಗೆ ಹಗೇವಿನ ಗಾಳಿಯಲ್ಲಿ ನೂರಕ್ಕೆ ಮೂರು ಪಾಲು ಇಂಗಾಲದ ಡೈಆಕ್ಸೈಡ್ ಸೇರಿರುತ್ತದೆ, ಇಳಿದವನಿಗೆ ತಲೆನೋವೂ ಏದುಸಿರೂ ಖಚಿತ. ಇದೇ ಕಂದೀಲನ್ನು ಗೋಬರ್ ಗ್ಯಾಸಿನ ಗುಂಡಿಗೆ ಇಳಿಬಿಟ್ಟರೆ ಏನಾಗುತ್ತದೆಂದು ಕಾಕಾಗೆ ಹೇಳಿದೆ. ಅಷ್ಟು ದಡ್ಡ ಅಲ್ಲ ನಾನು ಎಂದು ಅವರು ಬೇಸರಿಸಿಕೊಂಡರು.

ಭಾರವಾದ ಅನಿಲ ತಾನಾಗಿ ಎದ್ದು ಬರುವುದಿಲ್ಲ. ರಾಶಿ ತೂರುವ ಫ್ಯಾನಿನ ಬಾಯಿಗೆ ಗೊಬ್ಬರದ ಖಾಲಿ ಚೀಲಗಳನ್ನು ಹೊಲಿದು ಮಾಡಿದ ಕೊಳವೆಯನ್ನು ಕಟ್ಟಿ, ತುದಿಯನ್ನು ಕಾಳಿನ ಮೇಲಕ್ಕೆ ಇಳಿಬಿಟ್ಟು ಎರಡು ತಾಸು ಓಡಿಸಿದೆವು. ಕಾಳಿನ ಮೇಲಿನ ಅಂಕಿ 20.8ಕ್ಕೆ ಬಂದ ಮೇಲೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಎದೆಗೆ ಮೀಟರ್ ಸಿಕ್ಕಿಸಿಕೊಂಡು ಕಾಕಾನ ಮಗ ಇಳಿದ. ಮೇಲೆ ಹಗ್ಗ ಹಿಡಿದವರು ಇಬ್ಬರು, ಏನೇ ಆದರೂ ಇಳಿಯಕೂಡದೆಂದು ಅವರಿಗೆ ಮೊದಲೇ ಹೇಳಿದ್ದೆ. ಹತ್ತನೆಯ ಚೀಲ ತುಂಬುವಾಗ ಅವನು ಕೂಗಿ ಹೇಳಿದ ಅಂಕಿ 20.1. ಕೆದಕಿದ ಕಾಳಿನ ಸಂದುಗಳಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಹೊರಬರುತ್ತಿತ್ತು, ನೋಡಿದರೆ ಫ್ಯಾನಿನ ಚೀಲದ ಕೊಳವೆಯ ಹೊಲಿಗೆಯೂ ಬಿಚ್ಚಿಕೊಂಡಿತ್ತು. ಅವನನ್ನು ಮೇಲೆ ಕರೆದೆವು. ಕಾಕಾ ತಾವೇ ದಬ್ಬಣ ತಂದು ಕುಳಿತು, ಕೊಳವೆಯನ್ನು ಎರಡೆಳೆ ಸುತಳಿಯಲ್ಲಿ ಹೊಲಿದುಕೊಟ್ಟರು, ಉಳಿದ ನಾಲ್ಕು ಚೀಲ ಊಟವಾದ ಮೇಲೆ ಮೇಲೆ ಬಂದವು.