ರಸ್ಕಿನೊಳಗಿನ ಬಣ್ಣ

ಫಿನ್ನಿಷ್ ಭಾಷೆಯಲ್ಲಿ, ಕಂಪ್ಯೂಟರಿನ ಮಾಹಿತಿ ತುಂಬಿಡುತ್ತಿದ್ದ ಮೂರೂವರೆ ಇಂಚಿನ ಹಳೆಯ ಫ್ಲಾಪಿಗೆ ‘ಕೊರ್ಪು’ ಎನ್ನುತ್ತಾರೆ. ಕೊರ್ಪು ಎಂದರೆ ರಸ್ಕು, ನಾವು ಚಹಾದಲ್ಲಿ ಅದ್ದಿ ತಿನ್ನುವ ಅದೇ ರಸ್ಕು. ಅದಕ್ಕೂ ಹಿಂದಿನ, ಹಿಡಿದರೆ ಬಳುಕುವ ಐದೂಕಾಲು ಇಂಚಿನ ಫ್ಲಾಪಿಗೆ ‘ಲೆರ್ಪು’, ಜೋಲುಬಿದ್ದದ್ದು ಎಂಬ ಅರ್ಥದಲ್ಲಿ. ಫಿನ್ಲೆಂಡಿನ ತಾಂಪೆರೆಗೆ ಬಂದು ಹದಿನಾಲ್ಕು ವರ್ಷವಾದರೂ ನನ್ನ ಫಿನ್ನಿಷ್ ದಿನಸಿ ಅಂಗಡಿಯ ಹೊಸ್ತಿಲು ದಾಟಿಲ್ಲ. ಈ ಎರಡು ಪದಗಳನ್ನು ಮಾತ್ರ ಸ್ಪಷ್ಟವಾಗಿ ಉಚ್ಚರಿಸಬಲ್ಲೆ.

ಕಲಿಸಿದವರು ಎದುರು ಮೇಜಿನ ಸಹೋದ್ಯೋಗಿ. ಹೆಚ್ಚುಕಡಿಮೆ ನನ್ನದೇ ವಯಸ್ಸು. ಇಲ್ಲಿ ಎಲ್ಲರೂ ಎಲ್ಲರನ್ನೂ ಬರೀ ಹೆಸರು ಹಿಡಿದು ಕರೆಯುತ್ತಾರೆ, ನಾನೂ ಕರೆಯುತ್ತೇನೆ. ಆದರೆ ಮನಸ್ಸಿನೊಳಗೆ ಅವರು ಬಹುವಚನದಲ್ಲೇ ಇದ್ದಾರೆ. ಎರಡು ವರ್ಷ ನಮ್ಮ ನಡುವೆ ನಡೆದದ್ದು ಹವಾಮಾನದ ಮಾತು ಮಾತ್ರ, ಅದೂ ಮಿತವಾಗಿ. ಮಧ್ಯಾಹ್ನ ಮೂರೂವರೆಗೇ ಕತ್ತಲಾಗುವ ನವೆಂಬರಿನ ಒಂದು ದಿನ, ಯಾವುದೋ ಸಣ್ಣ ತಂತ್ರಾಂಶದ ಅಪ್‌ಡೇಟ್ ಇನ್ನೂರು ಮೆಗಾಬೈಟ್ ನುಂಗಿತೆಂದು ನಾನು ಗೊಣಗಿದೆ. ಅವರು ಪರದೆಯಿಂದ ಕಣ್ಣು ತೆಗೆಯದೆ, “ನನ್ನ ಮೊದಲ ಯಂತ್ರಕ್ಕೆ ಅರವತ್ತನಾಲ್ಕು ಕಿಲೋಬೈಟ್ ಇತ್ತು, ಸಾಕಾಗಿತ್ತು” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಶನಿವಾರ ಮನೆಗೆ ಬಾ” ಎಂದೂ ಸೇರಿಸಿದರು. ಫಿನ್ಲೆಂಡಿನಲ್ಲಿ ಇದು ದೊಡ್ಡ ಭಾಷಣ.

ಬಾಗಿಲಲ್ಲಿ ಬೂಟು ಬಿಚ್ಚುವಾಗ ನನಗೆ ನೆನಪಾದದ್ದು ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬು. ಇಲ್ಲಿ ಯಾರ ಮನೆಗೆ ಹೋದರೂ ಬೂಟು ಹೊರಗೆ. ನಮ್ಮಲ್ಲಿ 1993ರಲ್ಲಿ ದೇವಸ್ಥಾನದ ನಂತರ ಚಪ್ಪಲಿ ಬಿಟ್ಟು ಒಳಹೋಗಬೇಕಾಗಿದ್ದ ಎರಡನೆಯ ಜಾಗ ಆ ಲ್ಯಾಬು. ಅಲ್ಲಿ ಇಬ್ಬರಿಗೊಂದು ಯಂತ್ರ, ವಾರಕ್ಕೆರಡು ಗಂಟೆ. ಪರದೆಯ ಮೇಲೆ ಒಂದು ವೃತ್ತ ಬರೆಯಲು ಹೊರಟ ಗೆಳೆಯನಿಗೆ, ಅದು ಸಿಲಬಸ್ಸಿನಲ್ಲಿಲ್ಲ ಎಂಬ ಉತ್ತರ ಸಿಕ್ಕಿತ್ತು.

ಅವರ ಕೋಣೆಯ ಮೂಲೆಯಲ್ಲಿ ಕಂದು ಬಣ್ಣದ ಕಮೊಡೋರ್ 64, ಪಕ್ಕದಲ್ಲಿ ಡಬ್ಬದಂಥ ಹಳೆಯ ಟಿವಿ. ಎಂಬತ್ತರ ದಶಕದಲ್ಲಿ ಇಲ್ಲಿ ಈ ಯಂತ್ರವನ್ನು ‘ಗಣರಾಜ್ಯದ ಕಂಪ್ಯೂಟರ್’ ಎಂದು ಜಾಹೀರಾತು ಮಾಡಿ ಮಾರುತ್ತಿದ್ದರಂತೆ. ಅವರು ಒಂದು ಲೆರ್ಪು ತುರುಕಿದರು. ಕಪ್ಪು ಪರದೆಯ ಮೇಲೆ ನೀಲಿ, ತಿಳಿನೀಲಿ, ಬಿಳಿ, ಮತ್ತೆ ತಿಳಿನೀಲಿ, ನೀಲಿ. ಉಜ್ಜಿ ತೊಳೆದ ಸಲಾಕೆಯಂತೆ ಮಿರುಗುವ ಪಟ್ಟಿಯೊಂದು ಮೇಲೆ ಕೆಳಗೆ ತೇಲತೊಡಗಿತು. ಕೆಳಗೆ ಅಕ್ಷರಗಳು ಓಡುತ್ತಿದ್ದವು.

ಇದಕ್ಕೆ ಡೆಮೊ ಎನ್ನುತ್ತಾರೆ. ಆಡುವುದಕ್ಕೇನೂ ಇಲ್ಲ, ಸುಮ್ಮನೆ ಕೂತು ನೋಡಬೇಕು. ಚಿತ್ರ, ಚಲನೆ, ಸಂಗೀತ ಎಲ್ಲವನ್ನೂ ಯಂತ್ರ ಆ ಕ್ಷಣದಲ್ಲೇ ಲೆಕ್ಕ ಹಾಕಿ ಹೊರಡಿಸುತ್ತದೆ. ಮೂಲ ಅಷ್ಟೇನೂ ಸಂಭಾವಿತವಲ್ಲ. ಆಟಗಳ ನಕಲುತಡೆಯನ್ನು ಮುರಿದು ಹಂಚುತ್ತಿದ್ದ ಹುಡುಗರು ಆಟ ಶುರುವಾಗುವ ಮುನ್ನ ತಮ್ಮ ಗುಂಪಿನ ಹೆಸರನ್ನು ಮಿನುಗಿಸುತ್ತಿದ್ದರು. ಆ ರುಜು ಬರಬರುತ್ತ ಆಟಕ್ಕಿಂತ ಚೆಂದವಾಯಿತು, ಆಮೇಲೆ ಆಟವನ್ನೇ ಬಿಟ್ಟು ತಾನಾಗಿ ನಿಂತಿತು.

ಆ ಪಟ್ಟಿಯ ಗುಟ್ಟು ಹೀಗೆ. ಹಳೆಯ ಟಿವಿಯಲ್ಲಿ ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ ಗೆರೆ ಎಳೆಯುತ್ತ ಮೇಲಿನಿಂದ ಕೆಳಗಿಳಿಯುತ್ತದೆ. ಯುರೋಪಿನ ಕಮೊಡೋರಿನಲ್ಲಿ ಒಂದು ಚಿತ್ರಕ್ಕೆ 312 ಗೆರೆ, ಸೆಕೆಂಡಿಗೆ ಸುಮಾರು 50 ಚಿತ್ರ. ಪ್ರೊಸೆಸರಿನ ವೇಗ ಒಂದು ಮೆಗಾಹರ್ಟ್ಸ್‌ಗೂ ತುಸು ಕಡಿಮೆ, ಅಂದರೆ ಅದರ ಗಡಿಯಾರ ಸೆಕೆಂಡಿಗೆ ಹತ್ತು ಲಕ್ಷಕ್ಕಿಂತ ತುಸು ಕಡಿಮೆ ಸಲ ಮಿಡಿಯುತ್ತದೆ. ಭಾಗಿಸಿದರೆ ಒಂದು ಗೆರೆಗೆ 63 ಮಿಡಿತ. ಒಂದೊಂದು ಆದೇಶಕ್ಕೆ ಎರಡರಿಂದ ಏಳು ಮಿಡಿತ ಖರ್ಚು. ಯಂತ್ರ ಕೊಡುವುದು ಪರದೆಗೆಲ್ಲ ಒಂದೇ ಹಿನ್ನೆಲೆ ಬಣ್ಣ. ಆದರೆ ಕಿರಣ ಒಂದು ಗೆರೆ ಮುಗಿಸಿ ಇನ್ನೊಂದಕ್ಕೆ ಹೋಗುವ ಸಂದಿಯಲ್ಲಿ ಆ ಬಣ್ಣ ಬದಲಿಸಿಬಿಟ್ಟರೆ? ಪ್ರತಿ ಗೆರೆಗೂ ಹಾಗೆ ಮಾಡಿದರೆ ಸಲಾಕೆ ಹುಟ್ಟುತ್ತದೆ. ಇದರ ನಡುವೆ ಇನ್ನೊಂದು ಕಾಟ: ಅಕ್ಷರಗಳಿರುವ ಭಾಗದಲ್ಲಿ ಎಂಟು ಗೆರೆಗೊಮ್ಮೆ ಚಿತ್ರದ ಚಿಪ್ಪು ತನ್ನ ಕೆಲಸಕ್ಕೆಂದು ನಲವತ್ತಕ್ಕೂ ಹೆಚ್ಚು ಮಿಡಿತ ಕಿತ್ತುಕೊಳ್ಳುತ್ತದೆ. ಅದಕ್ಕೆ ಇವರಿಟ್ಟ ಹೆಸರು ‘ಕೆಟ್ಟ ಗೆರೆ’. ಉಳಿದ ಇಪ್ಪತ್ತು ಚಿಲ್ಲರೆ ಮಿಡಿತದಲ್ಲಿ ತಿಂಗಳ ಕೊನೆಯ ವಾರದ ಸಂಸಾರದಂತೆ ತೂಗಿಸಬೇಕು.

ನನಗೆ ಅತ್ಯಂತ ಹಿಡಿಸಿದ್ದು ಅಂಚು ತೆರೆಯುವ ಉಪಾಯ. ಪರದೆಯ ಸುತ್ತ ಒಂದು ಚೌಕಟ್ಟು ಇರುತ್ತದೆ, ಆ ಚೌಕಟ್ಟಿನ ಜಾಗದಲ್ಲಿ ಏನನ್ನೂ ಬರೆಯಲಾಗದು. ಚಿಪ್ಪಿಗೆ ಎರಡು ಅವತಾರ: 25 ಸಾಲಿನ ಪರದೆಯಾದರೆ 251ನೆಯ ಗೆರೆಯಲ್ಲಿ ಚೌಕಟ್ಟು ಮುಚ್ಚು, 24 ಸಾಲಿನದಾದರೆ 247ರಲ್ಲೇ ಮುಚ್ಚು. ಅಪಾರ್ಟ್‌ಮೆಂಟಿನ ಕಾವಲುಗಾರನಿಗೆ ಮಾಮೂಲಿ ದಿನ ಹತ್ತೂವರೆಗೆ, ರಜಾದಿನ ಹತ್ತಕ್ಕೆ ಗೇಟು ಹಾಕೆಂದು ಹೇಳಿದ್ದಾರೆ ಎಂದುಕೊಳ್ಳಿ. ನೀವು ಹತ್ತೂಕಾಲಿಗೆ ಹೋಗಿ, “ಇವತ್ತು ರಜೆ ಕಣಪ್ಪ” ಎನ್ನುತ್ತೀರಿ. ಹತ್ತು ಆಗಲೇ ಕಳೆದಿದೆ. ಹತ್ತೂವರೆ ಇವತ್ತಿಗೆ ಅನ್ವಯಿಸುವುದಿಲ್ಲ. ನಿಯತ್ತಿನ ಮನುಷ್ಯ, ರಾತ್ರಿಯಿಡೀ ಗೇಟು ತೆರೆದೇ ಬಿಡುತ್ತಾನೆ. 247 ಮತ್ತು 251ರ ನಡುವಿನ ಗೆರೆಯಲ್ಲಿ ಅವತಾರ ಬದಲಿಸಿದರೆ ಚಿಪ್ಪೂ ಹಾಗೆಯೇ ಮೋಸಹೋಗುತ್ತದೆ. ಮುಚ್ಚಬೇಕಿದ್ದ ಜಾಗದಲ್ಲಿ ಬೊಂಬೆಗಳು, ಅಂದರೆ ಚಿಪ್ಪು ಓಡಾಡಿಸುವ ಪುಟ್ಟ ಚಿತ್ರಗಳು, ತೇಲುತ್ತವೆ. ಮುಂದಿನ ಚಿತ್ರಕ್ಕೆ ಮುಂಚೆ ಮತ್ತೆ 25ಕ್ಕೆ ತಂದಿಟ್ಟು, ಸೆಕೆಂಡಿಗೆ ಐವತ್ತು ಸಲ ಇದೇ ಸುಳ್ಳು ಹೇಳುತ್ತಿರಬೇಕು.

ಶಬ್ದದಲ್ಲೂ ಇಂಥದೇ ಕಣ್ಕಟ್ಟು. ಬಾಬ್ ಯಾನ್ನೆಸ್ ರೂಪಿಸಿದ, ಕಮೊಡೋರಿನ ಶಬ್ದ ಹೊರಡಿಸುವ ಸಿಡ್ ಚಿಪ್ಪಿಗೆ ಮೂರೇ ಕಂಠ. ಒಂದೇ ಕಂಠದಲ್ಲಿ ಮೂರು ಸ್ವರಗಳನ್ನು ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕೊಂದರಂತೆ ತಿರುಗಿಸಿದರೆ, ಕಿವಿಗೆ ಅವು ಒಟ್ಟಿಗೆ ನುಡಿದಂತೆ ಕೇಳಿಸುತ್ತವೆ, ತುಸು ಗುಳುಗುಳು ಎಂದುಕೊಂಡು. 1987ರಲ್ಲಿ ಕಾರ್ಸ್ಟೆನ್ ಒಬಾರ್ಸ್ಕಿ ಕಮೊಡೋರ್ ಕಂಪನಿಯದೇ ಅಮಿಗಾ ಯಂತ್ರಕ್ಕೆ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’ ಎಂಬ ಸಂಗೀತ ಕಟ್ಟುವ ತಂತ್ರಾಂಶ ಬರೆದ ಮೇಲೆ ನಾಲ್ಕು ಕಂಬಸಾಲಿನಲ್ಲಿ ಸ್ವರಗಳನ್ನು ಅಂಕಿಗಳಂತೆ ತುಂಬುವ ಪದ್ಧತಿ ಹಬ್ಬಿತು. ಸ್ವರಲಿಪಿ ಮೇಲಿನಿಂದ ಕೆಳಗೆ ಓಡುವುದನ್ನು ನೋಡುತ್ತ ಕೇಳುವುದೇ ಒಂದು ಸೊಗಸು.

ಎಲ್ಲವೂ ಸೊಗಸೆಂದರೆ ಸುಳ್ಳಾಗುತ್ತದೆ. ಚಿತ್ರಗಳಲ್ಲಿ ಬಹಳಷ್ಟು ಕತ್ತಿ ಹಿಡಿದ ವೀರರು, ಡ್ರ್ಯಾಗನ್‌ಗಳು, ಬಟ್ಟೆ ಸಾಲದ ಹೆಂಗಸರು. ಎಷ್ಟೋ ಪುಸ್ತಕದ ಮುಖಪುಟ ನೋಡಿ ಇಳಿಸಿದವು. ಓಡುವ ಅಕ್ಷರಗಳಲ್ಲಿ ಅರ್ಧ ಗೆಳೆಯರಿಗೆ ನಮಸ್ಕಾರ, ಇನ್ನರ್ಧ ಎದುರಾಳಿ ಗುಂಪಿನ ಅವಹೇಳನ. ಹದಿನಾರು ವರ್ಷದ ಹುಡುಗರ ಲೋಕವೆಂಬುದು ಎದ್ದು ಕಾಣುತ್ತದೆ. ಸಹೋದ್ಯೋಗಿಯ ಬಳಿ ಒಂದು ಶೂ ಡಬ್ಬದ ತುಂಬ ಹಳೆಯ ಪತ್ರಗಳೂ ಇದ್ದವು. ಇಂಟರ್ನೆಟ್ ಇಲ್ಲದ ಆ ಕಾಲದಲ್ಲಿ ಡೆಮೊಗಳು ಫ್ಲಾಪಿಯಲ್ಲಿ, ಅಂಚೆಯಲ್ಲಿ ದೇಶ ದಾಟುತ್ತಿದ್ದವು. ಅಂಚೆಚೀಟಿಯ ಮೇಲೆ ತೆಳ್ಳಗೆ ಅಂಟು ಸವರಿದರೆ ಮೊಹರು ಅಂಟಿನ ಮೇಲೆ ಬೀಳುತ್ತದೆ. ತಲುಪಿದವರು ಅದನ್ನು ನೀರಿನಲ್ಲಿ ತೊಳೆದು ಮತ್ತೆ ಬಳಸುತ್ತಿದ್ದರು. ‘ಚೀಟಿ ವಾಪಸ್ ಕಳಿಸು’ ಎಂಬ ಸಾಲು ಪತ್ರ ಪತ್ರದಲ್ಲೂ ಇತ್ತಂತೆ. ಅದನ್ನು ಹೇಳುವಾಗ ಅವರು ನಕ್ಕರು. ಎರಡು ವರ್ಷದಲ್ಲಿ ನಾನು ಕಂಡ ಮೊದಲ ನಗು.

ಆಮೇಲೆ ಪಿಸಿಯ ಕಾಲ. 1992ರಲ್ಲಿ ಹೆಲ್ಸಿಂಕಿಯ ಪಕ್ಕದ ಕೌನಿಯಾಯ್ನೆನ್‌ನಲ್ಲಿ ಕಾಂಪ್ಲೆಕ್ಸ್, ರೆಬೆಲ್ಸ್ ಎಂಬ ಅಮಿಗಾ ಗುಂಪುಗಳೂ ಫ್ಯೂಚರ್ ಕ್ರೂ ಎಂಬ ಪಿಸಿ ಗುಂಪೂ ಸೇರಿ ಮೊದಲ ‘ಅಸೆಂಬ್ಲಿ’ ನಡೆಸಿದವು, ಡೆಮೊ ಬರೆಯುವವರು ಕೂಡಿ ಸ್ಪರ್ಧಿಸುವ ಕೂಟ ಅದು. ವಿಧಾನಸಭೆಯೆಂದು ಓದಿಕೊಳ್ಳಬೇಡಿ, ಯಂತ್ರಕ್ಕೆ ನೇರವಾಗಿ ಹೇಳುವ ಭಾಷೆಯ ಹೆಸರೂ ಅದೇ. ಮರುವರ್ಷ ಅಲ್ಲಿ ಪಿಸಿ ಡೆಮೊಗಳಲ್ಲಿ ಗೆದ್ದದ್ದು ಫ್ಯೂಚರ್ ಕ್ರೂನ ‘ಸೆಕೆಂಡ್ ರಿಯಾಲಿಟಿ’. ನಾನು ಚಪ್ಪಲಿ ಬಿಟ್ಟು ಲ್ಯಾಬಿಗೆ ಹೋಗುತ್ತಿದ್ದ ಅದೇ 1993. ಅದರಲ್ಲಿ ಚೆಂಡಿನಾಕಾರದ ಮಸೂರವೊಂದು ಚಿತ್ರದ ಮೇಲೆ ಉರುಳುತ್ತದೆ, ಚಿತ್ರ ಸುತ್ತುತ್ತ ಹಿಗ್ಗಿ ಕುಗ್ಗುತ್ತದೆ, ಬಣ್ಣ ಎಣ್ಣೆಯಂತೆ ಹರಿಯುತ್ತದೆ, ಕೊನೆಗೆ ಕಟ್ಟಡಗಳ ನಡುವೆ ಹಾರಾಟ. ಯೊನ್ನೆ ವಾಲ್ಟೊನೆನ್ ಮತ್ತು ಪೀಟರ್ ಹಾಯ್ಬಾ ಅವರ ಸಂಗೀತ. ಇಪ್ಪತ್ತು ವರ್ಷದ ಮೇಲೆ, 2013ರಲ್ಲಿ, ಅದರ ಮೂಲ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಒಂದೊಂದು ಭಾಗವೂ ಬೇರೆಯದೇ ಪ್ರೋಗ್ರಾಮು, ಎಲ್ಲವನ್ನೂ ಪೋಣಿಸಿದ ದಾರ ಸಂಗೀತ: ಹಾಡು ಎಲ್ಲಿಗೆ ಬಂದಿದೆ ಎಂದು ಕೇಳಿಕೊಂಡು ಚಿತ್ರ ಹೆಜ್ಜೆ ಹಾಕುತ್ತದೆ.

ಹರಿಯುವ ಬಣ್ಣಕ್ಕೆ ಪ್ಲಾಸ್ಮಾ ಎಂದು ಹೆಸರು. ಆಗಿನ ಸಾಮಾನ್ಯ ಪಿಸಿ ಪರದೆಯಲ್ಲಿ 320ಕ್ಕೆ 200, ಒಟ್ಟು 64,000 ಚುಕ್ಕಿ. ಒಂದೊಂದಕ್ಕೂ ಸೈನ್ ಬೆಲೆ ಲೆಕ್ಕ ಹಾಕುತ್ತ ಕೂತರೆ ಆ ಕಾಲದ ಯಂತ್ರ ಬೆಳಗಾಗುವವರೆಗೆ ತಿಣುಕುತ್ತದೆ. ಅದಕ್ಕೇ ಮೊದಲೇ 256 ಬೆಲೆಗಳ ಪಟ್ಟಿ ಮಾಡಿಟ್ಟುಕೊಂಡು, ಬೇಕಾದಾಗ ಎತ್ತಿಕೊಂಡು, ಎರಡು ಮೂರನ್ನು ಕೂಡಿಸಿ, ಬಂದ ಅಂಕಿಯನ್ನೇ ಬಣ್ಣವಾಗಿಸುವುದು. “ಗುಣಿಸಬೇಡ, ನೆನಪಿಟ್ಟುಕೋ” ಎಂದು ಅವರು ವಿವರಿಸುವಾಗ ನನಗೆ ಕೇಳಿಸಿದ್ದು ಅಜ್ಜನ ದನಿ. ಜಗಲಿಯ ಮೇಲೆ ಕೂರಿಸಿ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿಸಿದವರು ಅವರು. ದಶಮಾಂಶದ ಲೆಕ್ಕ ಆಗಿನ ಎಷ್ಟೋ ಪ್ರೊಸೆಸರುಗಳಿಗೆ ತಾವಾಗಿ ಬರುತ್ತಿರಲಿಲ್ಲ. ಅದಕ್ಕೆ ಇವರ ಪರಿಹಾರವೂ ಅಜ್ಜನ ಅಂಗಡಿಯದೇ, ರೂಪಾಯಿಯನ್ನು ಮರೆತು ಎಲ್ಲವನ್ನೂ ಪೈಸೆಯಲ್ಲೇ ಎಣಿಸು. ಆ ಮಗ್ಗಿಯನ್ನು ಫಿನ್ಲೆಂಡಿನ ಚಳಿಯಲ್ಲಿ ಕೂತು ಸಹೋದ್ಯೋಗಿಗೆ ಹೇಳಿದೆ. ಮುಕ್ಕಾಲು ಮಗ್ಗಿಯಲ್ಲಿ ಏಳರವರೆಗೆ ಮಾತ್ರ ನೆನಪಿತ್ತು.

2020ರಲ್ಲಿ ಫಿನ್ಲೆಂಡ್ ಡೆಮೊಸೀನನ್ನು, ಅಂದರೆ ಡೆಮೊ ಬರೆಯುವವರ ಈ ಲೋಕವನ್ನು, ತನ್ನ ಜೀವಂತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು, ಸೌನಾ ಎಂಬ ಬಿಸಿಹಬೆಯ ಸ್ನಾನ ಇರುವ ಅದೇ ಪಟ್ಟಿಗೆ. ಮರುವರ್ಷ ಜರ್ಮನಿಯೂ ಸೇರಿಸಿಕೊಂಡಿತು. ಅಂಚೆಚೀಟಿ ತೊಳೆದವರಿಗೆ ಸರ್ಕಾರಿ ಮರ್ಯಾದೆ!

ಈ ಚಳಿಗಾಲ ನಾನೂ ಕೈ ಹಾಕಿದೆ, ನಿಜವಾದ ಯಂತ್ರದಲ್ಲಲ್ಲ, ಲ್ಯಾಪ್‌ಟಾಪಿನೊಳಗಿನ ಅನುಕರಣೆಯಲ್ಲಿ. ಮೂರು ವಾರದ ಸಂಜೆಗಳು ಒಂದು ಪಟ್ಟಿಗೆ ಹೋದವು. “ಅಪ್ಪಾ, ಅದು ನಡುಗುತ್ತಿದೆ” ಎಂದಳು ಮಗಳು. ನಡುಗುತ್ತಿತ್ತು. ಕಿರಣ ಬಂತೆಂದು ಚಿಪ್ಪು ಕೂಗಿದರೂ ಪ್ರೊಸೆಸರು ಕೈಯಲ್ಲಿರುವ ಆದೇಶ ಮುಗಿಸಿಯೇ ಬರುವುದು. ಒಮ್ಮೆ ಎರಡು ಮಿಡಿತ ತಡ, ಇನ್ನೊಮ್ಮೆ ಐದು. ಒಂದು ಮಿಡಿತ ತಪ್ಪಿದರೆ ಪರದೆಯಲ್ಲಿ ಎಂಟು ಚುಕ್ಕಿ ಆಚೀಚೆ. ಅವರು ಹೇಳಿಕೊಟ್ಟಂತೆ ಎರಡು ಸಲ ಕೂಗಿಸಿದೆ. ಎರಡನೆಯ ಕೂಗಿನ ಹೊತ್ತಿಗೆ ಪ್ರೊಸೆಸರಿಗೆ ‘ಏನೂ ಮಾಡಬೇಡ’ ಎಂಬ ಎರಡೆರಡು ಮಿಡಿತದ ಆದೇಶಗಳನ್ನೇ ಸಾಲಾಗಿ ಕೊಟ್ಟು ಕೂರಿಸಿದರೆ, ತಡದ ಏರುಪೇರು ಒಂದೇ ಮಿಡಿತಕ್ಕೆ ಇಳಿಯುತ್ತದೆ. ಆ ಒಂದನ್ನು ಕಳೆಯುವುದಕ್ಕೆ ಇನ್ನೊಂದು ವಾರ ಹಿಡಿಯಿತು.

ಮೊನ್ನೆ ಲ್ಯಾಪ್‌ಟಾಪನ್ನು ಅವರ ಮೇಜಿನ ಮೇಲಿಟ್ಟೆ. ಕಾಫಿ ಆರುವಷ್ಟು ಹೊತ್ತು ನೋಡಿ, “ಇಹಾನ್ ಹ್ಯುವಾ” ಎಂದರು. ನಮ್ಮ ‘ಪರವಾಗಿಲ್ಲ’ ಇದೆಯಲ್ಲ, ಸರಿಯಾಗಿ ಅದು. ಆಮೇಲೆ ಬೆರಳಿನಿಂದ ಪರದೆಯ ಕೆಳಗಿನ ಚೌಕಟ್ಟನ್ನು ಮುಟ್ಟಿ ತೋರಿಸಿದರು, ಅದು ಇನ್ನೂ ಮುಚ್ಚಿಯೇ ಇತ್ತು. ಈ ಶನಿವಾರ ಕಾವಲುಗಾರನ ಸರದಿ.